ಹೊಳೆಯುವ ಲೋಹದ ಮೇಲಿನ ಗೀರು ಕ್ಯಾಮೆರಾಕ್ಕೆ ಕಾಣಬೇಕಾದರೆ: ದೀಪ, ಲೆನ್ಸ್, ಟ್ರಿಗರ್ ಹೊಂದಿಸುವ ಕ್ರಮ

ಉಕ್ಕಿನ ಬುಷ್ಷಿನ (ನಡುವೆ ತೂತಿರುವ ಗುಂಡನೆಯ ಬಿಡಿಭಾಗ) ಗ್ರೈಂಡ್ ಮಾಡಿದ ಮುಖದ ಮೇಲೆ 0.2 ಮಿ.ಮೀ. ಅಗಲದ ಗೀರು ಬಿದ್ದಿದೆ ಎಂದುಕೊಳ್ಳಿ. ಬುಷ್ಷನ್ನು ಕಿಟಕಿಯ ಬೆಳಕಿಗೆ ಹಿಡಿದು ತುಸು ಓರೆ ಮಾಡಿದರೆ ಗೀರು ಥಟ್ಟನೆ ಕಣ್ಣಿಗೆ ಬೀಳುತ್ತದೆ. ಅದೇ ಬುಷ್ಷನ್ನು ಟ್ಯೂಬ್‌ಲೈಟ್ ಕೆಳಗೆ ಮೇಜಿನ ಮೇಲಿಟ್ಟು, ಎಷ್ಟೇ ದುಬಾರಿ ಕ್ಯಾಮೆರಾದಲ್ಲಿ ಚಿತ್ರ ತೆಗೆಯಿರಿ, ಗೀರಿನ ಜಾಗದಲ್ಲಿ ಬರೀ ಬೂದು ಬಣ್ಣ ಇರುತ್ತದೆ. ಕೈ ಓರೆ ಮಾಡಿದಾಗ ಬದಲಾದದ್ದು ಬೆಳಕಿನ ಕೋನ ಒಂದೇ. ತಪಾಸಣಾ ಸ್ಟೇಷನ್ ಕಟ್ಟುವ ಕೆಲಸದಲ್ಲಿ ಮುಕ್ಕಾಲು ಪಾಲು ಆ ಕೋನವನ್ನು ಹುಡುಕಿ, ದೀಪವನ್ನು ಅಲ್ಲೇ ಬಿಗಿದು, ಅದು ಕದಲದಂತೆ ನೋಡಿಕೊಳ್ಳುವುದೇ ಆಗಿದೆ. ಕ್ಯಾಮೆರಾ, ಲೆನ್ಸ್, ಸಾಫ್ಟ್‌ವೇರ್‌ಗಳ ಸರದಿ ಆಮೇಲೆ.

ಪೀಣ್ಯ, ಬೊಮ್ಮಸಂದ್ರ, ಬೆಳಗಾವಿಯ ಮಷಿನ್ ಶಾಪ್‌ಗಳಲ್ಲಿ ದಿನಾ ಕೈಗೆ ಸಿಗುವಂಥ ಒಂದು ಬಿಡಿಭಾಗವನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಉಕ್ಕಿನ ಬುಷ್, ಹೊರವ್ಯಾಸ 40 ಮಿ.ಮೀ., ಎತ್ತರ 20 ಮಿ.ಮೀ., ಮೇಲ್ಮುಖ ಗ್ರೈಂಡ್ ಮಾಡಿದ್ದು, ಹೊರ ಅಂಚಿಗೆ 45 ಡಿಗ್ರಿ ಚಾಂಫರ್ (ಓರೆಯಾಗಿ ಕತ್ತರಿಸಿದ ಅಂಚು). ಕನ್ವೇಯರ್ ವೇಗ ಸೆಕೆಂಡಿಗೆ 300 ಮಿ.ಮೀ., ಎರಡು ಬುಷ್ಷಿನ ನಡುವೆ ಮಧ್ಯದಿಂದ ಮಧ್ಯಕ್ಕೆ 60 ಮಿ.ಮೀ. ಅಂದರೆ ಸೆಕೆಂಡಿಗೆ 5 ಬುಷ್. ಹಿಡಿಯಬೇಕಾದದ್ದು ಮೂರು ದೋಷ: ಮುಖದ ಮೇಲಿನ ಗೀರು, ಡೆಂಟ್, ಚಾಂಫರ್‌ನಲ್ಲಿ ಹಾರಿದ ಚೂರು. ನಿಮ್ಮ ಬಿಡಿಭಾಗ ಬೇರೆಯಿದ್ದರೆ ಅಂಕಿಗಳನ್ನು ಬದಲಿಸಿಕೊಳ್ಳಿ. ಲೆಕ್ಕದ ದಾರಿ ಇದೇ.

ಮೊದಲು ಟಾರ್ಚ್

ಯಾವುದಕ್ಕೂ ದುಡ್ಡು ಹಾಕುವ ಮೊದಲು ಕತ್ತಲೆ ಕೋಣೆಯೊಂದರಲ್ಲಿ ಕೂತು ಟಾರ್ಚಿನಲ್ಲಿ ಪರೀಕ್ಷೆ ಮಾಡಿ. ಬೇಕಾದದ್ದು ಒಂದೇ ಎಲ್‌ಇಡಿ ಇರುವ ಸಣ್ಣ ಟಾರ್ಚ್, ಒಂದು ತುಂಡು ಟ್ರೇಸಿಂಗ್ ಪೇಪರ್, ಒಂದು ಕೋನಮಾಪಕ, ಸ್ಟ್ಯಾಂಡಿಗೆ ಕಟ್ಟಿದ ಮೊಬೈಲ್. ಮೊಬೈಲ್ ಕ್ಯಾಮೆರಾದ ಎಕ್ಸ್‌ಪೋಷರ್ ಮತ್ತು ಫೋಕಸ್ ಎರಡನ್ನೂ ಲಾಕ್ ಮಾಡಲೇಬೇಕು. ಇಲ್ಲದಿದ್ದರೆ ಅದು ಪ್ರತಿ ಚಿತ್ರಕ್ಕೂ ತನ್ನಷ್ಟಕ್ಕೆ ಬೆಳಕು ಸರಿಪಡಿಸಿಕೊಂಡು, ಯಾವ ಕೋನ ಒಳ್ಳೆಯದು ಎಂಬುದೇ ತಿಳಿಯದಂತೆ ಮಾಡುತ್ತದೆ.

ಬುಷ್ಷನ್ನು ಮೊಬೈಲಿನ ನೇರ ಕೆಳಗಿಡಿ. ಟಾರ್ಚನ್ನು ಮುಖದ ಮಟ್ಟದಿಂದ 10 ಡಿಗ್ರಿ ಎತ್ತರದಲ್ಲಿ ಹಿಡಿದು ಚಿತ್ರ ತೆಗೆಯಿರಿ, ಆಮೇಲೆ 30, 45, 60. ಕೊನೆಗೆ ಮೊಬೈಲಿನ ಪಕ್ಕದಲ್ಲೇ, ಹೆಚ್ಚುಕಡಿಮೆ ನೇರ ಮೇಲಿನಿಂದ. ಪ್ರತಿ ಎತ್ತರದಲ್ಲೂ ಬುಷ್ಷನ್ನು 45 ಡಿಗ್ರಿಯಂತೆ ತಿರುಗಿಸುತ್ತಾ ಹೋಗಿ. ಕೊನೆಯಲ್ಲಿ ಇದೆಲ್ಲವನ್ನೂ ಟಾರ್ಚಿನ ಮುಂದೆ ಟ್ರೇಸಿಂಗ್ ಪೇಪರ್ ಹಿಡಿದು ಇನ್ನೊಮ್ಮೆ ಮಾಡಿ. ಒಂದು ಗಂಟೆಯೊಳಗೆ ಮುಗಿಯುವ ಕೆಲಸ. ಇದನ್ನು ಬಿಟ್ಟು ಕ್ಯಾಟಲಾಗ್ ನೋಡಿ ದೀಪ ತರಿಸಿದವರ ಶೆಲ್ಫಿನಲ್ಲಿ ಉಪಯೋಗಕ್ಕೆ ಬಾರದ ರಿಂಗ್ ಲೈಟುಗಳು ಸಾಲಾಗಿ ಕೂತಿರುತ್ತವೆ.

ಚಿತ್ರಗಳನ್ನು ಯಾವುದಾದರೂ ಇಮೇಜ್ ಎಡಿಟರ್‌ನಲ್ಲಿ ತೆರೆದು, ಗೀರಿನ ಮೇಲೆ ಮತ್ತು ಪಕ್ಕದ ಒಳ್ಳೆಯ ಜಾಗದಲ್ಲಿ ಗ್ರೇ ಅಂಕಿ ನೋಡಿ. 0ಯಿಂದ 255ರ ಅಳತೆಯಲ್ಲಿ ಇವೆರಡರ ನಡುವೆ ಕನಿಷ್ಠ 40ರ ವ್ಯತ್ಯಾಸ ಬರುವ ಕೋನ ಹುಡುಕಿ. 15, 20 ಬಂದರೆ ಸಾಫ್ಟ್‌ವೇರ್ ಎಳೆದಾಡಿ ಹೇಗೋ ಹಿಡಿಯಬಹುದು ಎನ್ನುವವರಿದ್ದಾರೆ. ಹಿಡಿಯುತ್ತದೆ, ಒಳ್ಳೆಯ ಬುಷ್ಷುಗಳನ್ನೂ ಸೇರಿಸಿಕೊಂಡು.

ಯಾವ ದೋಷಕ್ಕೆ ಯಾವ ದೀಪ

ಕನ್ನಡಿಯಂಥ ಮೇಲ್ಮೈ ಬೆಳಕನ್ನು ಬಂದಷ್ಟೇ ಕೋನದಲ್ಲಿ ಆಚೆ ಕಳಿಸುತ್ತದೆ. ಕೆಳಗಿನದೆಲ್ಲ ಈ ಒಂದು ನಿಯಮದಿಂದಲೇ ಹುಟ್ಟಿದ್ದು.

ದೀಪವನ್ನು ಮುಖದ ಮಟ್ಟಕ್ಕೆ ತಗ್ಗಿಸಿ, 10 ರಿಂದ 15 ಡಿಗ್ರಿಯಲ್ಲಿ ಸುತ್ತಲಿನಿಂದ ಬೆಳಕು ಬಿಟ್ಟರೆ, ಸಪಾಟಾದ ಮುಖದ ಮೇಲೆ ಬಿದ್ದ ಬೆಳಕು ಎದುರು ಬದಿಗೆ ಹಾರಿಹೋಗುತ್ತದೆ, ಕ್ಯಾಮೆರಾಕ್ಕೆ ಬರುವುದಿಲ್ಲ. ಮುಖ ಕಪ್ಪು. ಗೀರಿನ ಅಂಚು, ಡೆಂಟಿನ ಇಳಿಜಾರು ಮಾತ್ರ ಬೆಳಕನ್ನು ಮೇಲಕ್ಕೆ ಎಸೆಯುತ್ತವೆ. ಅವು ಬೆಳ್ಳಗೆ ಕಾಣುತ್ತವೆ. ಇದೇ ಡಾರ್ಕ್ ಫೀಲ್ಡ್. ಗ್ರೈಂಡ್, ಲ್ಯಾಪ್, ಪಾಲಿಶ್ ಮಾಡಿದ ಮುಖಗಳಿಗೆ ಇದು ಮೊದಲ ಆಯ್ಕೆ.

ಆದರೆ ಲೇತಿನಲ್ಲಿ ಫೇಸಿಂಗ್ ಮಾಡಿ ಹಾಗೇ ಬಿಟ್ಟ ಮುಖಕ್ಕೆ ಈ ದೀಪ ಆಗಿಬರುವುದಿಲ್ಲ. ಟೂಲ್ ಬಿಟ್ಟ ವರ್ತುಲದ ಗೆರೆಗಳೇ ಒಂದೊಂದೂ ಸಣ್ಣ ಗೀರು. ಒಂದೇ ಕಡೆಯಿಂದ ಬಾರ್ ಲೈಟ್ ಹಾಕಿದರೆ ಮುಖದ ಮೇಲೆ ಎದುರುಬದುರಾಗಿ ಎರಡು ಬೀಸಣಿಗೆ ಬಿಚ್ಚಿಟ್ಟಂತೆ ಬೆಳಕಿನ ಪಟ್ಟಿಗಳು ಏಳುತ್ತವೆ. ರಿಂಗ್ ಹಾಕಿದರೆ ಇಡೀ ಮುಖವೇ ಬೆಳಗಿ ಗೀರು ಅದರಲ್ಲಿ ಮುಳುಗುತ್ತದೆ. ಅಂಥ ಮುಖಕ್ಕೆ ಎಲ್ಲ ದಿಕ್ಕಿನಿಂದಲೂ ಸಮನಾಗಿ ಬೆಳಕು ಬರುವ ಡೋಮ್ ದೀಪ ಬೇಕು. ಒಳಗೆ ಬಿಳಿ ಬಳಿದ ಅರ್ಧಗೋಳ, ತಳದ ಸುತ್ತ ಮೇಲ್ಮುಖವಾಗಿ ಎಲ್‌ಇಡಿ, ನೆತ್ತಿಯಲ್ಲಿ ಕ್ಯಾಮೆರಾ ನೋಡಲು ತೂತು. ಈ ತೂತಿನಿಂದ ಬೆಳಕು ಬರುವುದಿಲ್ಲವಾದ್ದರಿಂದ, ತೀರಾ ನುಣುಪಾದ ಮುಖದ ಮೇಲೆ ನಟ್ಟನಡುವೆ ಅದರದೇ ಕಪ್ಪು ಚುಕ್ಕೆ ಮೂಡುತ್ತದೆ. ನಮ್ಮ ಬುಷ್ಷಿಗೆ ನಡುವೆ ಹೇಗೂ ತೂತಿದೆ, ಚುಕ್ಕೆ ಅಲ್ಲೇ ಬಿದ್ದರೆ ತೊಂದರೆಯಿಲ್ಲ. ತೂತಿಲ್ಲದ ಬಿಡಿಭಾಗಕ್ಕೆ ಡೋಮ್ ಮತ್ತು ಕೋಆಕ್ಸಿಯಲ್ (ಅದರ ವಿಚಾರ ಮುಂದೆ) ಎರಡನ್ನೂ ಒಟ್ಟಿಗೆ ಉರಿಸಿ ಚುಕ್ಕೆಯನ್ನು ತುಂಬಬೇಕಾಗುತ್ತದೆ.

ಕೋಆಕ್ಸಿಯಲ್ ದೀಪದಲ್ಲಿ 45 ಡಿಗ್ರಿ ಓರೆಯಾಗಿ ಅರೆಗನ್ನಡಿ ಕೂತಿರುತ್ತದೆ; ಪಕ್ಕದಿಂದ ಬಂದ ಬೆಳಕು ಅದರಲ್ಲಿ ತಿರುಗಿ ಲೆನ್ಸಿನ ದಾರಿಯಲ್ಲೇ ಕೆಳಗಿಳಿಯುತ್ತದೆ. ಇಲ್ಲಿ ಎಲ್ಲ ತಿರುವುಮುರುವು: ಸಪಾಟಾದ ಮುಖ ಬೆಳ್ಳಗೆ, ಗೀರು ಮತ್ತು ಡೆಂಟ್ ಕಪ್ಪಗೆ. ಅರೆಗನ್ನಡಿ ಹೋಗುವಾಗ ಅರ್ಧ, ಬರುವಾಗ ಅರ್ಧ ಬೆಳಕು ತಿನ್ನುವುದರಿಂದ ಹೆಚ್ಚೆಂದರೆ ಕಾಲುಭಾಗ ಉಳಿಯುತ್ತದೆ. ಇನ್ನೊಂದು ತೊಡಕು ಬುಷ್ ಓರೆಯಾಗುವುದು. ಬೆಲ್ಟ್ ಮೇಲೆ ಚಿಪ್ಸ್ ಸಿಕ್ಕಿ ಬುಷ್ 1 ಡಿಗ್ರಿ ವಾಲಿದರೆ ಪ್ರತಿಫಲನ 2 ಡಿಗ್ರಿ ತಿರುಗುತ್ತದೆ; 200 ಮಿ.ಮೀ. ಮೇಲಿರುವ ಲೆನ್ಸಿನ ಹತ್ತಿರ ಅದು 7 ಮಿ.ಮೀ. ಸರಿದಿರುತ್ತದೆ. ಮುಖದ ಒಂದು ಬದಿ ಇದ್ದಕ್ಕಿದ್ದಂತೆ ಮಬ್ಬಾಗುವುದು ಇದರಿಂದಲೇ. ಆದ್ದರಿಂದ ಕೋಆಕ್ಸಿಯಲ್ ದೀಪದ ಕಿಟಕಿ ನೋಟದ (ಕ್ಯಾಮೆರಾಕ್ಕೆ ಕಾಣುವ ಜಾಗದ) ಅಳತೆಗಿಂತ ಧಾರಾಳವಾಗಿ ದೊಡ್ಡದಿರಲಿ. 60 ಮಿ.ಮೀ. ನೋಟಕ್ಕೆ 75 ರಿಂದ 100 ಮಿ.ಮೀ. ಕಿಟಕಿ ಆರಿಸಿಕೊಳ್ಳಿ.

ಚಾಂಫರ್ ಲೆಕ್ಕ ಇನ್ನೂ ಚೆಂದ. ಓರೆಮುಖ ಎಷ್ಟು ಡಿಗ್ರಿ ಬಾಗಿದೆಯೋ ಅದರ ಎರಡರಷ್ಟು ಕೋನದಲ್ಲಿ, ನೇರ ಮೇಲಿನಿಂದ ಅಳೆದು, ದೀಪವಿಟ್ಟರೆ ಬೆಳಕು ಸೀದಾ ಕ್ಯಾಮೆರಾಕ್ಕೆ ಏರುತ್ತದೆ. 45 ಡಿಗ್ರಿ ಚಾಂಫರ್‌ಗೆ ದೀಪ 90 ಡಿಗ್ರಿಯಲ್ಲಿ, ಅಂದರೆ ಮುಖದ ಮಟ್ಟದಲ್ಲೇ, ಅಡ್ಡಲಾಗಿ ಇರಬೇಕು. ಚಾಂಫರ್ 30 ಡಿಗ್ರಿಯಾದರೆ ದೀಪ 60 ಡಿಗ್ರಿಯಲ್ಲಿ, ಅಂದರೆ ಮುಖದ ಮಟ್ಟದಿಂದ 30 ಡಿಗ್ರಿ ಮೇಲೆ. ನಮ್ಮ ಬುಷ್ಷಿನ 45 ಡಿಗ್ರಿ ಚಾಂಫರ್ ಆ ತಗ್ಗಿನ ರಿಂಗ್ ದೀಪದಲ್ಲೇ ಬೆಳ್ಳಿಯ ಬಳೆಯ ಹಾಗೆ ಹೊಳೆಯುತ್ತದೆ, ಚೂರು ಹಾರಿದ ಕಡೆ ಬಳೆ ತುಂಡಾಗಿರುತ್ತದೆ. ಒಂದೇ ದೀಪಕ್ಕೆ ಎರಡು ಕೆಲಸ. ಒಳ ಅಂಚಿನ ಚಾಂಫರ್‌ಗೆ ಇದು ನಡೆಯದು. ಎದುರಿನ ಅಂಚೇ ಬೆಳಕಿಗೆ ಅಡ್ಡ ಬರುತ್ತದೆ. ಅದಕ್ಕೆ ಇನ್ನೂ ಮೇಲಿನ ರಿಂಗ್ ಅಥವಾ ಡೋಮ್ ಬೇಕು.

ತಗ್ಗಿನ ರಿಂಗಿನ ಕಷ್ಟವೆಂದರೆ ಜಾಗ. ಬೆಲ್ಟ್ ಮೇಲೆ ಓಡುವ ಬುಷ್ ರಿಂಗಿನ ಕೆಳಗೆ ನುಸುಳಬೇಕು, ರಿಂಗ್ ಮಾತ್ರ ಮುಖದ ಮಟ್ಟಕ್ಕೇ ಬೇಕು. ದೀಪದ ತಳವನ್ನು ಮುಖದಿಂದ 3–5 ಮಿ.ಮೀ. ಮಾತ್ರ ಮೇಲಿಟ್ಟು, ಅದಕ್ಕೂ ಮೊದಲು ಎತ್ತರದ ಗೇಜ್ ಒಂದನ್ನು ಬೆಲ್ಟಿಗೆ ಅಡ್ಡ ಹಾಕಿ. ಒಂದರ ಮೇಲೊಂದು ಹತ್ತಿದ ಬುಷ್ಷುಗಳು ಅಲ್ಲೇ ತಡೆದು ನಿಲ್ಲಲಿ. ಇಲ್ಲದಿದ್ದರೆ ಮೊದಲ ವಾರದಲ್ಲೇ ರಿಂಗ್ ಒಡೆಯುತ್ತದೆ. ಜಾಗ ಸಾಲದೆ ಎರಡೂ ಬದಿಗೆ ಬಾರ್ ಲೈಟ್ ಹಾಕುವವರು ಒಂದು ಮಾತು ನೆನಪಿಡಿ: ಬೆಳಕು ಬರುವ ದಿಕ್ಕಿಗೆ ಅಡ್ಡವಾಗಿರುವ ಗೀರು ಚೆನ್ನಾಗಿ ಕಾಣುತ್ತದೆ, ಬೆಳಕಿನ ದಿಕ್ಕಿನಲ್ಲೇ ಮಲಗಿದ ಗೀರು ಕಾಣುವುದಿಲ್ಲ. ಎರಡು ಬಾರ್ ಎಂದರೆ ಅರ್ಧದಷ್ಟು ಗೀರುಗಳಿಗೆ ಕುರುಡು. ಇದೇ ಗುಣವನ್ನು ಲಾಭಕ್ಕೆ ತಿರುಗಿಸಿಕೊಳ್ಳುವ ವಿಧಾನವೂ ಇದೆ. ರಿಂಗನ್ನು ನಾಲ್ಕು ತುಂಡು ಮಾಡಿ ಒಂದೊಂದಾಗಿ ಉರಿಸಿ ನಾಲ್ಕು ಚಿತ್ರ ತೆಗೆದು, ಅವುಗಳಿಂದ ಮೇಲ್ಮೈಯ ಏರುತಗ್ಗು ಲೆಕ್ಕ ಹಾಕುವುದು. ರಾಬರ್ಟ್ ವುಡ್‌ಹ್ಯಾಮ್ 1980ರಲ್ಲಿ ವಿವರಿಸಿದ ಈ ಫೋಟೊಮೆಟ್ರಿಕ್ ಸ್ಟೀರಿಯೊ ಇಂದು ಹಲವು ಸಿದ್ಧ ಯಂತ್ರಗಳಲ್ಲಿ ಬರುತ್ತದೆ. ನಿಂತ ಬಿಡಿಭಾಗಕ್ಕೆ ಅದ್ಭುತ. ಓಡುವ ಬಿಡಿಭಾಗಕ್ಕೆ ನಾಲ್ಕೂ ಚಿತ್ರಗಳನ್ನು ಪಿಕ್ಸೆಲ್ ಲೆಕ್ಕದಲ್ಲಿ ಹೊಂದಿಸುವ ಗೋಜಲು.

ವ್ಯಾಸ ಅಳೆಯುವುದಕ್ಕೆ ಬ್ಯಾಕ್‌ಲೈಟ್. ಅದು ನೋಟಕ್ಕಿಂತ ಸ್ವಲ್ಪವೇ ದೊಡ್ಡದಿರಲಿ. ಅಗತ್ಯಕ್ಕಿಂತ ದೊಡ್ಡ ಬ್ಯಾಕ್‌ಲೈಟಿನ ಬೆಳಕು ಸುತ್ತಲಿನಿಂದ ಬುಷ್ಷಿನ ಗುಂಡನೆಯ ಮೈಗೆ ತಾಗಿ ಅಂಚನ್ನು ತಿಂದು, ವ್ಯಾಸ ನಿಜಕ್ಕಿಂತ ಕಡಿಮೆ ತೋರಿಸುತ್ತದೆ.

ಬಣ್ಣ, ಫಿಲ್ಟರ್, ಪೋಲರೈಸರ್

ಕೆಂಪು ಎಲ್‌ಇಡಿ, 625 ನ್ಯಾನೊಮೀಟರ್ ಆಸುಪಾಸು, ಅಗ್ಗ ಮತ್ತು ಎಲ್ಲ ಕಡೆ ಸಿಗುತ್ತದೆ. ನಿಕ್ ಹೊಲೊನ್ಯಾಕ್ ಕಣ್ಣಿಗೆ ಕಾಣುವ ಕೆಂಪು ಎಲ್‌ಇಡಿ ಮಾಡಿದ್ದು 1962ರಲ್ಲಿ. ಪ್ರಖರ ನೀಲಿ ಬರಲು 1990ರ ದಶಕದವರೆಗೆ ಕಾಯಬೇಕಾಯಿತು. ಅದಕ್ಕೇ ಹಳೆಯ ಸ್ಟೇಷನ್‌ಗಳೆಲ್ಲ ಕೆಂಪು. ಈಗ ಆ ಕಟ್ಟುಪಾಡಿಲ್ಲ. ನುಣುಪು ಲೋಹದ ಮೇಲಿನ ಸಣ್ಣ ಗೀರಿಗೆ 465–470 ನ್ಯಾನೊಮೀಟರಿನ ನೀಲಿಯನ್ನೇ ಮೊದಲು ಪ್ರಯತ್ನಿಸಿ. ತರಂಗ ಚಿಕ್ಕದಾದಷ್ಟೂ ಸಣ್ಣ ಒರಟುತನದಿಂದ ಚದುರುವ ಬೆಳಕು ಹೆಚ್ಚು, ಲೆನ್ಸಿನ ಚೂಪೂ ಹೆಚ್ಚು. ಕೆಂಪಿನಲ್ಲಿ ಫೋಕಸ್ ಮಾಡಿ ಆಮೇಲೆ ನೀಲಿ ದೀಪ ಹಾಕಿದರೆ ಫೋಕಸ್ ಜಾರಿರುತ್ತದೆ. ದೀಪ ಬದಲಿಸಿದ ಮೇಲೆ ಫೋಕಸ್ ಹೊಸದಾಗಿ ಮಾಡಲೇಬೇಕು.

ದೀಪದ ಬಣ್ಣವನ್ನು ಮಾತ್ರ ಬಿಡುವ ಬ್ಯಾಂಡ್‌ಪಾಸ್ ಫಿಲ್ಟರನ್ನು ಲೆನ್ಸಿನ ಮುಂದೆ ಹಾಕಿದರೆ ಶೆಡ್ಡಿನ ಬೆಳಕಿನ ಕಾಟ ಬಹಳ ಮಟ್ಟಿಗೆ ತಪ್ಪುತ್ತದೆ. ನಮ್ಮಲ್ಲಿ ಕರೆಂಟು 50 ಹರ್ಟ್ಸ್, ಹಳೆಯ ಚೋಕ್ ಇರುವ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಣುಕುತ್ತದೆ. ಎಕ್ಸ್‌ಪೋಷರ್ 10 ಮಿಲಿಸೆಕೆಂಡಿಗಿಂತ ಕಡಿಮೆ ಇದ್ದರೆ ಒಂದು ಚಿತ್ರ ಬೆಳ್ಳಗೆ, ಇನ್ನೊಂದು ಮಬ್ಬು. ಫಿಲ್ಟರಿನ ಒಂದು ದುರ್ಗುಣ: ಓರೆಯಾಗಿ ಬಂದ ಬೆಳಕಿಗೆ ಅದರ ಬ್ಯಾಂಡ್ ಚಿಕ್ಕ ತರಂಗದ ಕಡೆ ಸರಿಯುತ್ತದೆ. ಅಗಲ ನೋಟದ ಲೆನ್ಸಿಗೆ ಕಿರಿದಾದ ಫಿಲ್ಟರ್ ಹಾಕಿದರೆ ಮೂಲೆಗಳು ಕಪ್ಪಾಗುವುದು ಅದಕ್ಕೇ.

ಪೋಲರೈಸರ್ ಹಾಕಿದರೆ ಹೊಳಪು ಹೋಗುತ್ತದೆ ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಲೇಬಲ್, ಪ್ಲಾಸ್ಟಿಕ್ ಸುತ್ತಿದ ಡಬ್ಬ, ಬಣ್ಣ ಬಳಿದ ಮೈಗೆ ನಿಜ. ಬರಿಯ ಲೋಹಕ್ಕೆ ದೀಪದ ಮುಂದೊಂದು, ಲೆನ್ಸಿನ ಮುಂದೊಂದು ಅಡ್ಡಡ್ಡ ಪೋಲರೈಸರ್ ಹಾಕಿದರೆ ಹೊಳಪಿನ ಜತೆಗೆ ಗೀರಿನ ಬೆಳಕೂ ಮಾಯ, ಉಳಿಯುವುದು ಕತ್ತಲೆ. ನಮ್ಮ ಬುಷ್ಷಿಗೆ ಬೇಡ.

ಕ್ಯಾಮೆರಾ ಮತ್ತು ಲೆನ್ಸಿನ ಲೆಕ್ಕ

ಬುಷ್ 40 ಮಿ.ಮೀ., ಗೈಡ್ ರೈಲಿನೊಳಗೆ ಆಚೀಚೆ 5 ಮಿ.ಮೀ. ಅಲುಗಬಹುದು ಎಂದು ಹಿಡಿದರೆ ಅಡ್ಡಲಾಗಿ 50 ಮಿ.ಮೀ. ನೋಟ ಬೇಕು. ಬಹಳ ಬಳಕೆಯಲ್ಲಿರುವ 5 ಮೆಗಾಪಿಕ್ಸೆಲ್ ಗ್ಲೋಬಲ್ ಶಟರ್ (ಎಲ್ಲ ಪಿಕ್ಸೆಲ್ ಒಟ್ಟಿಗೆ ಬೆಳಕು ಹಿಡಿಯುವ) ಸೆನ್ಸರ್ 2448 × 2048 ಪಿಕ್ಸೆಲ್, ಒಂದೊಂದು ಪಿಕ್ಸೆಲ್ 3.45 ಮೈಕ್ರಾನ್. 50ನ್ನು 2048ರಿಂದ ಭಾಗಿಸಿದರೆ ಒಂದು ಪಿಕ್ಸೆಲ್‌ಗೆ 0.0244 ಮಿ.ಮೀ. 0.2 ಮಿ.ಮೀ. ಗೀರು 8 ಪಿಕ್ಸೆಲ್ ಅಗಲ. ಹಿಡಿಯಬೇಕಾದ ಅತಿ ಸಣ್ಣ ದೋಷ 4 ಪಿಕ್ಸೆಲ್ಲಿಗಿಂತ ಕಡಿಮೆಯಾಗದಂತೆ ನೋಡಿಕೊಂಡರೆ ಸಾಕು, ಇಲ್ಲಿ ಎರಡರಷ್ಟಿದೆ. ಸೆನ್ಸರಿನ ಉದ್ದ ಬದಿಯನ್ನು ಬೆಲ್ಟಿನ ದಿಕ್ಕಿಗೆ ತಿರುಗಿಸಿ. ಆ ಕಡೆ 60 ಮಿ.ಮೀ. ನೋಟ ಸಿಗುತ್ತದೆ, ಯಾಕೆ ಬೇಕೆಂಬುದು ಮುಂದೆ ಬರುತ್ತದೆ.

ಕಲರ್ ಕ್ಯಾಮೆರಾ ಬೇಡ. ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಬಣ್ಣದ ಚೌಕುಳಿ ಅದರ ಸೆನ್ಸರಿನ ಮೇಲೆ ಕೂತಿರುತ್ತದೆ; ಕೆಂಪು ಅಥವಾ ನೀಲಿ ದೀಪದಡಿ ನಾಲ್ಕರಲ್ಲಿ ಒಂದು ಪಿಕ್ಸೆಲ್ ಮಾತ್ರ ಸರಿಯಾಗಿ ಕೆಲಸ ಮಾಡುತ್ತದೆ. ಮಾನೋಕ್ರೋಮ್ ಕೊಳ್ಳಿ. ಹಾಗೆಯೇ ಗ್ಲೋಬಲ್ ಶಟರ್ ಎಂದು ಖಚಿತ ಮಾಡಿಕೊಳ್ಳಿ. ರೋಲಿಂಗ್ ಶಟರ್ ಸಾಲು ಸಾಲಾಗಿ ಓದುತ್ತದೆ. ಪೂರ್ತಿ ಓದಲು 20 ಮಿಲಿಸೆಕೆಂಡ್ ಹಿಡಿದರೆ ಅಷ್ಟರಲ್ಲಿ ಬುಷ್ 6 ಮಿ.ಮೀ. ಮುಂದೆ ಹೋಗಿ, ಗುಂಡಗಿರುವುದು ಚಿತ್ರದಲ್ಲಿ ಮೊಟ್ಟೆಯಾಗಿರುತ್ತದೆ.

ಸೆನ್ಸರಿನ ಗಿಡ್ಡ ಬದಿ 7.07 ಮಿ.ಮೀ. ಅದನ್ನು 50ರಿಂದ ಭಾಗಿಸಿದರೆ ವರ್ಧನೆ 0.141. 25 ಮಿ.ಮೀ. ಲೆನ್ಸ್ ಹಾಕಿದರೆ ದೂರ ಸುಮಾರು 200 ಮಿ.ಮೀ.; 35 ಹಾಕಿದರೆ 280. ನಮ್ಮ ಬುಷ್ಷಿಗೆ ತಗ್ಗಿನ ರಿಂಗ್ ಮತ್ತು ಕೋಆಕ್ಸಿಯಲ್ ಎರಡನ್ನೂ ಹಾಕುತ್ತೇವೆ; ಎರಡೂ ನಡುವೆ ಕೂರಬೇಕಾದ್ದರಿಂದ 35 ಹೆಚ್ಚು ಸಲೀಸು. ಆದರೆ ಶೆಡ್ಡಿನ ಸೂರು ತಗ್ಗಾಗಿದ್ದರೆ, ಅಥವಾ ಕಂಬ ಉದ್ದವಾದಷ್ಟೂ ನಡುಗುತ್ತದೆ ಎಂಬ ಕಾರಣಕ್ಕೆ, 25ರಲ್ಲೇ ನಿಲ್ಲುವವರು ಹೆಚ್ಚು. ಸಿ-ಮೌಂಟ್ ಕ್ಯಾಮೆರಾಕ್ಕೆ ಸಿ-ಮೌಂಟ್ ಲೆನ್ಸೇ ಇರಲಿ. ಸಿಎಸ್ ಮೌಂಟಿನಲ್ಲಿ ಸೆನ್ಸರಿಗಿರುವ ದೂರ 12.5 ಮಿ.ಮೀ., ಸಿ-ಮೌಂಟಿನಲ್ಲಿ 17.526, ಥ್ರೆಡ್ ಒಂದೇ ಆದ್ದರಿಂದ ತಿರುಗಿಸಿದರೆ ಕೂರುತ್ತದೆ, ಫೋಕಸ್ ಮಾತ್ರ ಬರುವುದಿಲ್ಲ.

ಅಪರ್ಚರ್ ಎಫ್ 5.6ರಲ್ಲಿ ಶುರುಮಾಡಿ. ಫೋಕಸಿನ ಆಳ ಹೆಚ್ಚಲೆಂದು ಎಫ್ 11, 16ಕ್ಕೆ ಮುಚ್ಚುವ ಅಭ್ಯಾಸ ಕೆಟ್ಟದು. ಕೆಂಪು ಬೆಳಕಿನಲ್ಲಿ ಎಫ್ 8ಕ್ಕೇ ವಿವರ್ತನೆಯಿಂದ ಒಂದು ಬಿಂದು ಸುಮಾರು 14 ಮೈಕ್ರಾನಿಗೆ, ಅಂದರೆ 4 ಪಿಕ್ಸೆಲ್ಲಿಗೆ ಹಬ್ಬುತ್ತದೆ. ಎಫ್ 5.6ರಲ್ಲಿ ಎರಡು ಪಿಕ್ಸೆಲ್ ಮಸುಕು ಒಪ್ಪಿಕೊಂಡರೆ 4 ಮಿ.ಮೀ. ಆಳ ಸಿಗುತ್ತದೆ, ಗ್ರೈಂಡ್ ಮಾಡಿದ ಮುಖಕ್ಕೆ ಬೇಕಾದ್ದಕ್ಕಿಂತ ಹೆಚ್ಚೇ.

ಇದೇ ಕ್ಯಾಮೆರಾದಲ್ಲಿ ವ್ಯಾಸವನ್ನೂ ಅಳೆದುಬಿಡೋಣ ಎಂಬ ಆಸೆ ಬರುತ್ತದೆ. ಸಾಮಾನ್ಯ ಲೆನ್ಸಿನಲ್ಲಿ 200 ಮಿ.ಮೀ. ದೂರದಿಂದ ನೋಡುವಾಗ ಬುಷ್ಷಿನ ಎತ್ತರ 1 ಮಿ.ಮೀ. ಹೆಚ್ಚುಕಡಿಮೆಯಾದರೆ ಅಳತೆ ಶೇ. 0.5ರಷ್ಟು ಬದಲಾಗುತ್ತದೆ. 40 ಮಿ.ಮೀ. ವ್ಯಾಸಕ್ಕೆ ಅದು 0.2 ಮಿ.ಮೀ. ತಪ್ಪು. ಅಳತೆ ಬೇಕಿದ್ದರೆ ಟೆಲಿಸೆಂಟ್ರಿಕ್ ಲೆನ್ಸ್ (ದೂರ ಬದಲಾದರೂ ಗಾತ್ರ ಬದಲಾಗದಂತೆ ತೋರಿಸುವುದು), ಸಮಾಂತರ ಬ್ಯಾಕ್‌ಲೈಟ್, ಬೇರೆಯದೇ ಸ್ಟೇಷನ್. ಟೆಲಿಸೆಂಟ್ರಿಕ್ ಲೆನ್ಸಿನ ಮುಂಗಾಜು ನೋಟಕ್ಕಿಂತ ದೊಡ್ಡದಿರಬೇಕಾದ್ದರಿಂದ ಅದರ ಗಾತ್ರ, ತೂಕ, ಬೆಲೆ ಮೂರೂ ಏರುತ್ತವೆ.

ಓಡುವ ಬುಷ್ಷನ್ನು ಬೆಳಕಿನಿಂದ ನಿಲ್ಲಿಸುವುದು

ಚಿತ್ರ ಅರ್ಧ ಪಿಕ್ಸೆಲ್ಲಿಗಿಂತ ಹೆಚ್ಚು ಎಳೆದುಕೊಂಡು ಹೋಗಬಾರದು. 0.0122 ಮಿ.ಮೀ.ಯನ್ನು 300ರಿಂದ ಭಾಗಿಸಿದರೆ ಸುಮಾರು 40 ಮೈಕ್ರೋಸೆಕೆಂಡ್. ಇಷ್ಟು ಸಣ್ಣ ಹೊಳಹನ್ನು ದೀಪವೇ ಕೊಡಬೇಕು. ಹೆರಾಲ್ಡ್ ಎಡ್ಜರ್ಟನ್ 1930ರ ದಶಕದಲ್ಲಿ ಎಂಐಟಿಯಲ್ಲಿ ತಿರುಗುವ ಮೋಟಾರನ್ನು ಅನಿಲದ ಫ್ಲ್ಯಾಶ್ ನಳಿಗೆಯಿಂದ ನಿಲ್ಲಿಸಿ ನೋಡಿದ್ದು ಇದೇ ತತ್ವದಲ್ಲಿ. ಬಹುಕಾಲ ತಪಾಸಣೆಗೂ ಝೆನಾನ್ ನಳಿಗೆಗಳೇ ಇದ್ದವು. ಹೊಳಹಿನಿಂದ ಹೊಳಹಿಗೆ ಅವುಗಳ ಪ್ರಕಾಶ ಏರುಪೇರಾಗುತ್ತದೆ, ನಳಿಗೆ ಸವೆಯುತ್ತದೆ. ಎಲ್‌ಇಡಿ ಎರಡರಲ್ಲೂ ವಾಸಿ.

ಬೆಳಕು ಸಾಕಾಗುತ್ತದೆಯೇ? ದೀಪವನ್ನು ಸದಾ ಉರಿಯುವಂತೆ ಬಿಟ್ಟು, ಬುಷ್ಷನ್ನು ನಿಲ್ಲಿಸಿ, ಎಕ್ಸ್‌ಪೋಷರ್ ಎಷ್ಟಕ್ಕೆ ಚಿತ್ರ ಚೆನ್ನಾಗಿ ಬರುತ್ತದೆ ನೋಡಿ. 1 ಮಿಲಿಸೆಕೆಂಡ್ ಬಂತು ಎನ್ನಿ. 40 ಮೈಕ್ರೋಸೆಕೆಂಡಿಗೆ ಇಳಿಸಲು 25 ಪಟ್ಟು ಬೆಳಕು ಬೇಕು. ಸ್ಟ್ರೋಬ್ ಕಂಟ್ರೋಲರಿನಿಂದ (ದೀಪಕ್ಕೆ ಕ್ಷಣಕಾಲ ಹೆಚ್ಚು ಕರೆಂಟು ಕೊಡುವ ಪೆಟ್ಟಿಗೆ) 6 ಪಟ್ಟು ಕರೆಂಟು, ಅಪರ್ಚರ್ ಎಫ್ 5.6ರಿಂದ 4ಕ್ಕೆ ತೆರೆದು 2 ಪಟ್ಟು, ಗೇನ್ (ಕ್ಯಾಮೆರಾ ತನ್ನ ಸಿಗ್ನಲನ್ನು ಹಿಗ್ಗಿಸುವ ಪ್ರಮಾಣ) 6 ಡೆಸಿಬೆಲ್ ಏರಿಸಿ ಇನ್ನೊಂದು 2 ಪಟ್ಟು, ಒಟ್ಟು 24. ಕೂಡಿಬಂತು. ಬಾರದಿದ್ದರೆ ಗೇನ್ ಇನ್ನೂ ಏರಿಸುವ ಬದಲು ದೀಪವನ್ನು ಹತ್ತಿರ ತನ್ನಿ, ಅಥವಾ ಒಂದು ಪಿಕ್ಸೆಲ್ ಎಳೆತ ಒಪ್ಪಿಕೊಂಡು 80 ಮೈಕ್ರೋಸೆಕೆಂಡಿಗೆ ಹೋಗಿ. ಗೇನ್ ಏರಿದಷ್ಟೂ ಚಿತ್ರ ರವೆರವೆಯಾಗಿ, ಸಾಫ್ಟ್‌ವೇರ್ ಇಲ್ಲದ ಗೀರು ಕಾಣತೊಡಗುತ್ತದೆ.

6 ಪಟ್ಟು ಕರೆಂಟು ಎಲ್ಲ ದೀಪಕ್ಕೂ ಸಲ್ಲುವುದಿಲ್ಲ. ತಯಾರಕರು ಕೊಟ್ಟ ಹಾಳೆಯಲ್ಲಿ ಗರಿಷ್ಠ ಪಲ್ಸ್ ಕರೆಂಟು, ಗರಿಷ್ಠ ಪಲ್ಸ್ ಅಗಲ, ಡ್ಯೂಟಿ (ಒಟ್ಟು ಸಮಯದಲ್ಲಿ ದೀಪ ಉರಿಯುವ ಪಾಲು) ಮೂರೂ ಬರೆದಿರುತ್ತವೆ. ಸೆಕೆಂಡಿಗೆ 5 ಸಲ 40 ಮೈಕ್ರೋಸೆಕೆಂಡ್ ಎಂದರೆ ಡ್ಯೂಟಿ ಶೇ. 0.02, ಬಿಸಿಯ ಭಯವಿಲ್ಲ. ಸುಟ್ಟುಹೋಗುವುದು ಹೆಚ್ಚಾಗಿ ಸೆಟ್ಟಿಂಗ್ ಮಾಡುವಾಗ: ಸ್ಟ್ರೋಬ್ ಕರೆಂಟು ಇಟ್ಟಲ್ಲೇ ಇದ್ದು, ಯಾರೋ ಕಂಟ್ರೋಲರನ್ನು ಕಂಟಿನ್ಯುಯಸ್‌ಗೆ ತಿರುಗಿಸಿದಾಗ. ಪಲ್ಸ್ ಅಗಲಕ್ಕೆ ಮಿತಿ ಹಾಕಿ ಲಾಕ್ ಮಾಡುವ ಸೌಲಭ್ಯವಿರುವ, ಸ್ಥಿರ ಕರೆಂಟಿನ ಕಂಟ್ರೋಲರನ್ನೇ ಕೊಳ್ಳಿ.

ಎರಡು ದೀಪ, ಎರಡು ಚಿತ್ರ: ಮೊದಲ ಟ್ರಿಗರಿಗೆ (ಚಿತ್ರ ತೆಗೆ ಎಂಬ ಸಂಕೇತಕ್ಕೆ) ರಿಂಗ್, ಎರಡನೆಯದಕ್ಕೆ ಕೋಆಕ್ಸಿಯಲ್. 8 ಬಿಟ್‌ನ ಒಂದು ಚಿತ್ರ 5 ಮೆಗಾಬೈಟ್; ಗಿಗಾಬಿಟ್ ಕೇಬಲ್ ಸೆಕೆಂಡಿಗೆ ಸುಮಾರು 118 ಮೆಗಾಬೈಟ್ ಒಯ್ಯುವುದರಿಂದ ಎರಡರ ನಡುವೆ 42 ಮಿಲಿಸೆಕೆಂಡ್ ಅಂತರ ಬೇಕು. ಅಷ್ಟರಲ್ಲಿ ಬುಷ್ 12.6 ಮಿ.ಮೀ. ಸರಿದಿರುತ್ತದೆ. 40ಕ್ಕೆ 12.6 ಸೇರಿಸಿದರೆ 52.6, ಉದ್ದ ಬದಿಯ 60ರಲ್ಲಿ 7 ಮಿ.ಮೀ. ಇನ್ನೂ ಉಳಿಯುತ್ತದೆ. ಯುಎಸ್‌ಬಿ 3 ಕ್ಯಾಮೆರಾದಲ್ಲಿ ಅಂತರ ಇನ್ನೂ ಕಡಿಮೆ, ಆದರೆ ಕೇಬಲ್ 3–5 ಮೀಟರಿಗೆ ಮುಗಿಯುತ್ತದೆ. ಗಿಗಾಬಿಟ್ ಈಥರ್‌ನೆಟ್ 100 ಮೀಟರ್ ಓಡುತ್ತದೆ. ಕಾರ್ಖಾನೆಗೆ ಎರಡನೆಯದೇ ಸರಿ.

ವೈರಿಂಗ್

ಬುಷ್ ಬಂದದ್ದನ್ನು ತಿಳಿಸುವ ಫೋಟೊ ಸೆನ್ಸರಿನ ಸಿಗ್ನಲನ್ನು ಪಿಎಲ್‌ಸಿಗೆ (ಲೈನನ್ನು ನಡೆಸುವ ಪ್ರೋಗ್ರಾಮಬಲ್ ಕಂಟ್ರೋಲರ್) ಕೊಟ್ಟು, ಅಲ್ಲಿಂದ ಕ್ಯಾಮೆರಾಕ್ಕೆ ಕಳಿಸುವುದು ತೀರಾ ಸಾಮಾನ್ಯವಾದ ತಪ್ಪು. ಪಿಎಲ್‌ಸಿಯ ಒಂದು ಸ್ಕ್ಯಾನ್ 10 ಮಿಲಿಸೆಕೆಂಡ್ ಹಿಡಿದರೆ ಬುಷ್ಷಿನ ಜಾಗ ಚಿತ್ರದಿಂದ ಚಿತ್ರಕ್ಕೆ 3 ಮಿ.ಮೀ. ಓಲಾಡುತ್ತದೆ. 0.5 ಮಿಲಿಸೆಕೆಂಡಿನಲ್ಲಿ ಸ್ಪಂದಿಸುವ ಪಿಎನ್‌ಪಿ ಸೆನ್ಸರಿನಿಂದ ನೇರ ಕ್ಯಾಮೆರಾದ ಆಪ್ಟೊ ಇನ್‌ಪುಟ್ಟಿಗೆ ಎಳೆದರೆ ಅದು 0.15 ಮಿ.ಮೀ.ಗೆ ಇಳಿಯುತ್ತದೆ. ಪಿಎಲ್‌ಸಿಗೆ ಅದೇ ಸಿಗ್ನಲಿನ ಇನ್ನೊಂದು ಕವಲು ಸಾಕು, ಎಣಿಕೆಗೆ. ಬೆಲ್ಟಿನ ವೇಗ ಏರಿಳಿದರೆ ಸಮಯದ ವಿಳಂಬದ ಬದಲು ಎನ್‌ಕೋಡರ್ (ಬೆಲ್ಟ್ ಎಷ್ಟು ಸರಿದಿದೆ ಎಂದು ಎಣಿಸುವ ಸಾಧನ) ಎಣಿಕೆಯಿಂದ ಟ್ರಿಗರ್ ಕೊಡಿ.

ಕ್ಯಾಮೆರಾದ ಎಕ್ಸ್‌ಪೋಷರ್ ಆಕ್ಟಿವ್ ಔಟ್‌ಪುಟ್ (ಶಟರ್ ತೆರೆದಿದೆ ಎಂದು ತಿಳಿಸುವ ಸಿಗ್ನಲ್) ಸ್ಟ್ರೋಬ್ ಕಂಟ್ರೋಲರಿಗೆ ಹೋಗಬೇಕು. ಆಪ್ಟೊ ಔಟ್‌ಪುಟ್ ನಿಧಾನ, ಹತ್ತಾರು ಮೈಕ್ರೋಸೆಕೆಂಡ್ ತಡ ಮಾಡುತ್ತದೆ. ಕ್ಯಾಮೆರಾದ ಎಕ್ಸ್‌ಪೋಷರನ್ನೂ 40ಕ್ಕೇ ಇಟ್ಟರೆ ದೀಪ ಹೊಳೆಯುವ ಹೊತ್ತಿಗೆ ಶಟರ್ ಮುಚ್ಚಿರುತ್ತದೆ, ಚಿತ್ರ ಪೂರ್ತಿ ಕಪ್ಪು. ದೀಪ ಕೆಟ್ಟಿದೆ ಎಂದು ವಾಪಸು ಕಳಿಸುವುದು ಇಂಥ ಹೊತ್ತಿನಲ್ಲೇ. ಎಕ್ಸ್‌ಪೋಷರ್ 150 ಮೈಕ್ರೋಸೆಕೆಂಡ್ ಇಟ್ಟು, ಪಲ್ಸನ್ನು ಕಂಟ್ರೋಲರಿನಲ್ಲಿ 40ಕ್ಕೆ ಹೊಂದಿಸಿ. ಬುಷ್ಷನ್ನು ನಿಲ್ಲಿಸುವುದು ಪಲ್ಸ್, ಶಟರ್ ಅಲ್ಲ. ಆಮೇಲೆ ದೀಪದ ತಂತಿ ಬಿಚ್ಚಿ ಅದೇ ಸೆಟ್ಟಿಂಗಿನಲ್ಲಿ ಒಂದು ಚಿತ್ರ ತೆಗೆಯಿರಿ. ಸರಾಸರಿ ಗ್ರೇ ಅಂಕಿ ಕತ್ತಲೆಯ ಮಟ್ಟಕ್ಕಿಂತ 5ಕ್ಕಿಂತ ಹೆಚ್ಚು ಏರಿದ್ದರೆ ಹೊರಗಿನ ಬೆಳಕು ನುಗ್ಗುತ್ತಿದೆ, ಸುತ್ತ ಮರೆ ಕಟ್ಟಿ.

ಸ್ಟ್ರೋಬ್ ಕಂಟ್ರೋಲರಿಗೆ ಅದರದೇ 24 ವೋಲ್ಟ್ ಸಪ್ಲೈ ಇರಲಿ; ರಿಜೆಕ್ಟ್ ಸೊಲೆನಾಯ್ಡ್ ಜತೆ ಹಂಚಿಕೊಂಡರೆ ಪ್ರತಿ ರಿಜೆಕ್ಟಿನ ನಂತರದ ಚಿತ್ರ ಮಂಕಾಗುತ್ತದೆ. ಕಂಟ್ರೋಲರಿನಿಂದ ದೀಪಕ್ಕೆ ಹೋಗುವ ತಂತಿ ಗಿಡ್ಡವಿರಲಿ, ಎರಡೂ ಎಳೆ ಹೆಣೆದಿರಲಿ. ಉದ್ದ ತಂತಿ ಸಣ್ಣ ಪಲ್ಸಿನ ಏರುಮುಖವನ್ನು ಮೊಂಡು ಮಾಡುತ್ತದೆ. ಕ್ಯಾಮೆರಾ ಕೇಬಲನ್ನು ಮೋಟಾರ್ ಡ್ರೈವಿನ ಕೇಬಲ್ ಜತೆ ಒಂದೇ ಟ್ರೇಯಲ್ಲಿ ಹಾಕಬೇಡಿ. ಕಂಪ್ಯೂಟರಿನ ನೆಟ್‌ವರ್ಕ್ ಕಾರ್ಡಿನಲ್ಲಿ ಜಂಬೊ ಪ್ಯಾಕೆಟ್ 9000 ಮಾಡಿ, ಪವರ್ ಸೇವಿಂಗ್ ಆರಿಸಿ, ಆ ಕಾರ್ಡನ್ನು ಕ್ಯಾಮೆರಾಕ್ಕೆ ಮಾತ್ರ ಮೀಸಲಿಡಿ. ಆಫೀಸಿನ ಸ್ವಿಚ್ಚಿಗೆ ಸಿಕ್ಕಿಸಿದರೆ ಚಿತ್ರದ ಕೆಳ ಅರ್ಧ ಆಗಾಗ ಕಾಣೆಯಾಗುತ್ತದೆ.

ಒಂದು ನಿಯಮ ಪಿಎಲ್‌ಸಿಯಲ್ಲಿ ಖಂಡಿತ ಬರೆಯಿರಿ: ಕ್ಯಾಮೆರಾದಿಂದ ಉತ್ತರ ಬರಲಿಲ್ಲ ಎಂದರೆ ಆ ಬುಷ್ ರಿಜೆಕ್ಟ್.

ಎರಡು ದೀಪ ಸೇರಿ ಸೆಕೆಂಡಿಗೆ 10 ಸಲ ಮಿಂಚುವ ಬೆಳಕು ಪಕ್ಕದಲ್ಲಿ ಕೂತವರ ತಲೆನೋವಿಗೆ ಕಾರಣ, ಮೂರ್ಛೆರೋಗ ಇರುವವರಿಗೆ ಅಪಾಯ. ಮರೆ ಅದಕ್ಕೂ ಬೇಕು. ಬಿರುಕು ಹುಡುಕಲು 365 ನ್ಯಾನೊಮೀಟರಿನ ಅಲ್ಟ್ರಾವಯಲೆಟ್ ದೀಪ ಬಳಸುವವರು ಅದಕ್ಕೆಂದೇ ಇರುವ ಕನ್ನಡಕ ಹಾಕಿಕೊಳ್ಳಬೇಕು. 850ರ ಇನ್ಫ್ರಾರೆಡ್ ಕಣ್ಣಿಗೆ ಹೆಚ್ಚುಕಡಿಮೆ ಕಾಣದ ಕಾರಣ ರೆಪ್ಪೆ ತಾನಾಗಿ ಮುಚ್ಚುವುದಿಲ್ಲ, ಹತ್ತಿರದಿಂದ ದಿಟ್ಟಿಸಬಾರದು.

ಎಣ್ಣೆ, ನಡುಕ, ಮಾಸ್ಟರ್ ಪೀಸುಗಳು

ಒಳ್ಳೆಯ ಬುಷ್ ರಿಜೆಕ್ಟ್ ಆಗಲು ಮೊದಲ ಕಾರಣ ತುಕ್ಕುನಿರೋಧಕ ಎಣ್ಣೆ. ಅದರ ಹನಿ ಡೆಂಟಿನಂತೆಯೇ ಹೊಳೆಯುತ್ತದೆ. ನಂತರ ಬನಿಯನ್ ವೇಸ್ಟಿನ ನೂಲು, ಚಿಪ್ಸ್. ತಪಾಸಣೆಯನ್ನು ಎಣ್ಣೆ ಹಚ್ಚುವ ಮೊದಲಿಗೆ ಸರಿಸಲು ಆಗುತ್ತದೆಯೇ ನೋಡಿ. ಆಗದಿದ್ದರೆ ಏರ್ ನೈಫ್ ಹಾಕಿ, ಗಾಳಿಗೆ ನೀರು ಮತ್ತು ಎಣ್ಣೆ ಹಿಡಿಯುವ ಫಿಲ್ಟರ್ ಇರಲಿ. ಕಂಪ್ರೆಸರಿನ ನೀರನ್ನೇ ಮುಖಕ್ಕೆ ಎರಚುವ ಏರ್ ನೈಫಿಗಿಂತ ಇಲ್ಲದಿರುವುದೇ ಮೇಲು.

ಕ್ಯಾಮೆರಾ ಕಂಬವನ್ನು ಕನ್ವೇಯರಿನ ಚೌಕಟ್ಟಿಗೆ ಬಿಗಿಯಬೇಡಿ, ನೆಲಕ್ಕೆ ಬೇರೆಯಾಗಿ ನಿಲ್ಲಿಸಿ. 40 × 40 ಅಲ್ಯೂಮಿನಿಯಂ ಪ್ರೊಫೈಲ್ ಸಾಕು. ಲೆನ್ಸಿನ ಫೋಕಸ್ ಮತ್ತು ಅಪರ್ಚರ್ ಉಂಗುರಗಳಿಗೆ ಲಾಕ್ ಸ್ಕ್ರೂ ಹಾಕಿ, ಮೇಲೆ ಪೇಂಟ್ ಮಾರ್ಕರಿನಿಂದ ಗೆರೆ ಎಳೆಯಿರಿ. ಜರುಗಿದರೆ ಗೆರೆ ತಪ್ಪಿ ಕೂಡಲೇ ಗೊತ್ತಾಗುತ್ತದೆ. ಕೋಆಕ್ಸಿಯಲ್ ಪೆಟ್ಟಿಗೆಯೊಳಗಿನ ಅರೆಗನ್ನಡಿಯನ್ನು ಬಟ್ಟೆಯಿಂದ ಒರೆಸಬಾರದು, ಬ್ಲೋಯರ್ ಮಾತ್ರ.

ಸೆಟ್ಟಿಂಗ್ ಒಪ್ಪಿಕೊಳ್ಳುವ ಮೊದಲು ಕನಿಷ್ಠ 30 ಒಳ್ಳೆಯ, 30 ಕೆಟ್ಟ ಬುಷ್ಷುಗಳ ಮೇಲೆ ನಂಬರ್ ಕೊರೆದು ಇಟ್ಟುಕೊಳ್ಳಿ. ಕೆಟ್ಟವುಗಳಲ್ಲಿ ಅರ್ಧದಷ್ಟು ಅನುಮಾನಾಸ್ಪದವಾಗಿರಬೇಕು. ಕುರುಡನಿಗೂ ಕಾಣುವ ಡೆಂಟುಗಳಿಂದ ಏನನ್ನೂ ಪರೀಕ್ಷಿಸಿದಂತಾಗುವುದಿಲ್ಲ. ಪ್ರತಿಯೊಂದನ್ನೂ ಬೇರೆ ಬೇರೆ ದಿಕ್ಕಿಗೆ ತಿರುಗಿಸಿ ಹತ್ತು ಸಲ ಓಡಿಸಿ. ಹತ್ತರಲ್ಲಿ ಏಳು ಸಲ ಹಿಡಿದು ಮೂರು ಸಲ ಬಿಟ್ಟ ಬುಷ್ ಸಿಕ್ಕರೆ ಸಾಫ್ಟ್‌ವೇರ್ ಮಿತಿ ತಿದ್ದಲು ಹೋಗಬೇಡಿ. ಅದರ ಹತ್ತೂ ಚಿತ್ರ ಪಕ್ಕಪಕ್ಕ ಇಟ್ಟು ನೋಡಿ. ಬಿಟ್ಟ ಮೂರರಲ್ಲೂ ಗೀರು ರಿಂಗಿನ ಮಂಕು ಭಾಗದ ಕಡೆಗೇ ಮುಖ ಮಾಡಿರುತ್ತದೆ. ವಾಹನ ಕಂಪನಿಗಳಿಗೆ ಸರಬರಾಜು ಮಾಡುವವರು ಗ್ರಾಹಕರು ಕೇಳುವ ಎಂಎಸ್‌ಎ (ಅಳತೆ ವ್ಯವಸ್ಥೆಯನ್ನು ನಂಬಬಹುದೇ ಎಂದು ನೋಡುವ) ಪರೀಕ್ಷೆಯನ್ನೂ ಈ ಸೆಟ್ಟಿನಿಂದಲೇ ಮಾಡಿ ಮುಗಿಸಬಹುದು.

ಚಿತ್ರ ಉಳಿಸುವಾಗ ಜೆಪೆಗ್ ಬೇಡ, ಸಣ್ಣ ಗೀರನ್ನು ಅದೇ ತಿನ್ನುತ್ತದೆ. ಎಲ್ಲವನ್ನೂ ಉಳಿಸಲು ಹೊರಟರೆ ಸೆಕೆಂಡಿಗೆ 50 ಮೆಗಾಬೈಟ್, ಗಂಟೆಗೆ 180 ಗಿಗಾಬೈಟ್. ರಿಜೆಕ್ಟ್ ಆದವು ಮತ್ತು ನೂರಕ್ಕೊಂದು ಒಳ್ಳೆಯದು ಸಾಕು.

ಪ್ರತಿ ಶಿಫ್ಟಿನ ಶುರುವಿಗೆ ದೀಪ ಮತ್ತು ಕ್ಯಾಮೆರಾ ಬೆಚ್ಚಗಾಗಲು 20 ನಿಮಿಷ ಬಿಡಿ. ನಂತರ ಹೊಳಪಿಲ್ಲದ ಬಿಳಿ ಸೆರಾಮಿಕ್ ಬಿಲ್ಲೆಯೊಂದನ್ನು ಬುಷ್ಷಿನ ಜಾಗದಲ್ಲಿಟ್ಟು ಎರಡೂ ದೀಪದ ಸರಾಸರಿ ಗ್ರೇ ಅಂಕಿಯನ್ನು ಪುಸ್ತಕದಲ್ಲಿ ಬರೆಯಿರಿ. ಮೊದಲ ದಿನಕ್ಕಿಂತ ಶೇ. 10 ಕುಸಿದಿದ್ದರೆ ಮೊದಲು ಹೊರಗಿನ ಗಾಜು ಒರೆಸಿ. ಆಗಲೂ ಏರದಿದ್ದರೆ ಪಲ್ಸ್ ಕರೆಂಟನ್ನು ಹಾಳೆಯ ಮಿತಿಯೊಳಗೆ ಏರಿಸಿ ಅದೇ ಅಂಕಿಗೆ ತನ್ನಿ. ಪಲ್ಸ್ ಅಗಲ ಮುಟ್ಟಬೇಡಿ, ಅದು ಬೆಲ್ಟಿನ ವೇಗಕ್ಕೆ ಕಟ್ಟಿದ ಲೆಕ್ಕ. ರಿಂಗಿನ ಒಂದು ಕಾಲುಭಾಗ ಮಾತ್ರ ಮಂಕಾಗಿದ್ದರೆ ಕರೆಂಟು ಏರಿಸಿ ಪ್ರಯೋಜನವಿಲ್ಲ, ಒಂದು ಸಾಲು ಎಲ್‌ಇಡಿ ಸತ್ತಿದೆ, ದೀಪವನ್ನೇ ಬದಲಿಸಿ. ಹೊಸ ರಿಂಗ್ ಅದೇ ಮಾಡೆಲ್ ಆಗಿದ್ದರೂ ಹಳೆಯದರಷ್ಟೇ ಬೆಳಗುವುದಿಲ್ಲ. ಬಿಲ್ಲೆಯ ಅಂಕಿ ಕೂಡಿಸಿದ ಮೇಲೆ ನಂಬರ್ ಕೊರೆದ ಆ ಬುಷ್ಷುಗಳನ್ನು ಮತ್ತೊಮ್ಮೆ ಪೂರ್ತಿ ಓಡಿಸಿಯೇ ಲೈನ್ ಶುರುಮಾಡಿ.